ನಿಮ್ಮಪ್ಪ ಬೆಂಚಿನ ಮೇಲೆ ಕೂತ ಸೀಸನ್

ಪುಟ್ಟಿ, ಚಿನ್ನು, ನಿಮ್ಮಜ್ಜಿ ನಾನು ಇದನ್ನು ನಿಮಗೆಂದೇ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ನನ್ನ ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ಗುಬ್ಬಿ ಕಡೆಯ ನಮ್ಮ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರವೇ ನನಗೆ ಹೆಚ್ಚು ಧೈರ್ಯ ಕೊಡುತ್ತದೆ.

ನಿಮ್ಮಪ್ಪ ಇಡೀ ದೇಶದ ಗಂಡಸರ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಒಂದು ಸೀಸನ್ ಇದ್ದ. ಆಗ ಪುಟ್ಟಿಗೆ ಮೂರು ವರ್ಷ. ಚಿನ್ನು ಇನ್ನೂ ಹುಟ್ಟಿರಲಿಲ್ಲ.

ಅವನಿಗೆ ಆ ಆಟದ ಹುಚ್ಚು ಹತ್ತಿದ್ದು ನಮ್ಮ ತೋಟದಲ್ಲಿ. ನಿಮ್ಮ ತಾತ ಹಳೆಯ ಡ್ರಮ್ಮಿನ ಕಬ್ಬಿಣದ ಬಳೆಯನ್ನು ಬಿಡಿಸಿ ತೆಂಗಿನ ಮರಕ್ಕೆ ತಂತಿಯಲ್ಲಿ ಬಿಗಿದು, ನಾರಿನ ಹುರಿಯಿಂದ ಬಲೆ ಹೆಣೆದು ಇಳಿಬಿಟ್ಟಿದ್ದರು. ಮರದ ಕೆಳಗೇ ರಾಗಿ ಬಡಿಯುವ ಕಣ. ನಾನು ಕಣಕ್ಕೆ ಸಗಣಿ ಸಾರಿಸಿದ ದಿನ ಚೆಂಡು ಪುಟಿಯುವುದಿಲ್ಲವೆಂದು ಮಗ ಊಟ ಬಿಟ್ಟು ಮುನಿಸಿಕೊಳ್ಳುತ್ತಿದ್ದ. ಅವನು ಹತ್ತನೆಯ ತರಗತಿಯಲ್ಲಿದ್ದಾಗ ತಾತ ತೀರಿಕೊಂಡರು.

ಹಾಗೆ ನೋಡಿದರೆ ಈ ಕಥೆ ಅಲ್ಲಿಂದಲೇ ಶುರು. ನಮ್ಮ ಕಡೆ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಮುತ್ತೈದೆ ನೀರು ತುಂಬಿದ ಬಿಂದಿಗೆ ಹಿಡಿದು ಎದುರಿಗೆ ಬರಬೇಕು, ಗಂಡ ಸತ್ತವಳು ಬರಬಾರದು. ನನಗೆ ಯಾರೂ ಒಳಗೆ ಹೋಗು ಎನ್ನಲಿಲ್ಲ. ನಾನೇ ಹೋಗುತ್ತಿದ್ದೆ. ಮಗ ಪರೀಕ್ಷೆಗೆ ಹೊರಟಾಗ, ಕೆಲಸದ ಇಂಟರ್‌ವ್ಯೂಗೆ ಹೊರಟಾಗ, ಮದುವೆಗೆ ಕುಣಿಗಲ್‌ಗೆ ದಿಬ್ಬಣ ಹೊರಟಾಗ ಕೂಡ ನಾನು ಅಡುಗೆಮನೆಯಲ್ಲೇ ಇದ್ದೆ.

ಲೀಗಿನಿಂದ ಕರೆ ಬಂದಾಗ ಅವನಿಗೆ ಮೂವತ್ತೆರಡು. ಅವನ ಆಫೀಸಿನ ತಂಡದ ಆಟ ನೋಡಿದ ಒಬ್ಬ ಕೋಚು ಅವನನ್ನು ತಮ್ಮ ತಂಡದ ಹನ್ನೆರಡನೆಯ, ಕೊನೆಯ ಆಟಗಾರನಾಗಿ ತೆಗೆದುಕೊಂಡಿದ್ದರು. ಆಗಲೇ ಆಡಿ ಬಂದ ದಿನ ಮಂಡಿ ಊದಿಕೊಳ್ಳುತ್ತಿತ್ತು. ಈ ಸಲ ಅಂಕಣಕ್ಕೆ ಇಳಿಯದಿದ್ದರೆ ಇನ್ನು ಯಾರೂ ಕರೆಯುವುದಿಲ್ಲ ಎಂದು ನಿಮ್ಮಮ್ಮನ ಹತ್ತಿರ ಹೇಳಿದ್ದ. ಹಳ್ಳಿ ಬಿಟ್ಟು ಬಂದು ನಾವು ಸೇರಿದ್ದ ಬಟವಾಡಿ ಬಡಾವಣೆಯ ಈ ಮನೆಯಿಂದ ಅವನು ಹೊರಟಾಗ ನಿಮ್ಮಮ್ಮ ಬಿಂದಿಗೆ ಹಿಡಿದು ಎದುರು ಬಂದಳು. ನಾನು ಒಳಗೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಹುರಿಗಡಲೆ ಡಬ್ಬಿಗೆ ಮೊಬೈಲ್ ಒರಗಿಸಿಟ್ಟು ನಾನೂ ನಿಮ್ಮಮ್ಮನೂ ಮ್ಯಾಚು ನೋಡುತ್ತಿದ್ದೆವು. ಯಾರು ಯಾಕೆ ಓಡುತ್ತಾರೆಂದು ನನಗೆ ತಿಳಿಯುತ್ತಿರಲಿಲ್ಲ. ಕ್ಯಾಮೆರಾ ಬೆಂಚಿನ ಕಡೆ ತಿರುಗಿದಾಗ ಮಂಡಿಗೆ ಕಪ್ಪು ಪಟ್ಟಿ ಕಟ್ಟಿದ ಕಾಲು ಕಂಡರೆ ಅದು ನಮ್ಮವನದು. ಪ್ರತಿ ಮ್ಯಾಚಿನಲ್ಲೂ ಆ ಕಾಲು ಅಲ್ಲೇ ಇರುತ್ತಿತ್ತು.

ಒಂದು ದಿನ ನಿಮ್ಮಮ್ಮನಿಗೆ ರೇಗಿತು. "ನಮ್ ಕುಣಿಗಲ್ ಕೆರೆ ಕೋಡಿ ಬಿದ್ರೂ ಇವ್ರನ್ನ ಬೆಂಚಿಂದ ಎಬ್ಸಲ್ಲ ಅತ್ತೆ ಈ ಕೋಚು" ಎಂದಳು. ಇಬ್ಬರೂ ನಕ್ಕೆವು.

ಕೊನೆಯ ಮ್ಯಾಚಿಗೆ ಮುಂಚೆ ಅವನು ಎರಡು ದಿನ ಮನೆಗೆ ಬಂದಿದ್ದ. ಸೊರಗಿರಲಿಲ್ಲ, ಆದರೆ ಮಾತು ಕಡಿಮೆಯಾಗಿತ್ತು. ಹೊರಡುವ ಬೆಳಿಗ್ಗೆ ಆಟೋ ಬಂದು ನಿಂತಿತು. ನಾನು ಎಂದಿನಂತೆ ಒಳಗಿದ್ದೆ. ಎಷ್ಟು ಹೊತ್ತಾದರೂ ಆಟೋ ಹೊರಡುವ ಸದ್ದಿಲ್ಲ. ಬಗ್ಗಿ ನೋಡಿದರೆ ಅವನು ಗೇಟಿಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ.

"ಅವ್ವ, ಎದುರ್ಗೆ ಬಾ" ಎಂದ.

"ನಾನ್ಯಾಕ್ಲಾ, ಅವ್ಳು ಇದ್ದಾಳಲ್ಲ."

"ಅವ್ಳು ಬಂದಿದ್ದಾಯ್ತು. ನೀನ್ ಬರ್ದೆ ನಾನ್ ಹೋಗಲ್ಲ."

"ಬೇಗ ಬನ್ನಿ ಅಜ್ಜಿ, ಬಸ್ಸು ಇವ್ರಿಗೋಸ್ಕರ ಕಾಯಲ್ಲ" ಎಂದು ಆಟೋದವನೂ ಸೇರಿಕೊಂಡ.

ನಿಮ್ಮಮ್ಮ ಬಿಂದಿಗೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಎದುರಿಗೆ ನಡೆದು ಬಂದಾಗ ನೀರು ತುಳುಕಿ ಅವನ ಶೂ ನೆನೆಯಿತು. ಅವನು ನನ್ನ ಮುಖವನ್ನು ಚೆನ್ನಾಗಿ ನೋಡಿ ಆಟೋ ಹತ್ತಿದ.

ಕೊನೆಯ ಮ್ಯಾಚಿನಲ್ಲಿ ಅವರ ತಂಡದ ಒಬ್ಬ ಹುಡುಗ ಹಾರಿ ಇಳಿಯುವಾಗ ಕಾಲು ಉಳುಕಿಸಿಕೊಂಡು ಬಿದ್ದ. ಕೋಚು ಬೆಂಚಿನ ಕಡೆ ಬೆರಳು ಮಾಡಿದರು. ಕಪ್ಪು ಪಟ್ಟಿಯ ಕಾಲು ಎದ್ದಿತು. ನಿಮ್ಮಮ್ಮ ನನ್ನ ತೋಳು ಹಿಡಿದು ಕುಣಿದಳು. ನನಗೆ ಮಾತ್ರ ಕುಣಿಯಲಾಗಲಿಲ್ಲ. ನಾನು ಎದುರಿಗೆ ಬಂದದ್ದಕ್ಕೇ ಯಾವುದೋ ತಾಯಿಯ ಮಗ ಬಿದ್ದನೇನೋ ಅನ್ನಿಸಿತು. ನಿಮ್ಮಪ್ಪ ಆಡಿದ ನಾಲ್ಕು ನಿಮಿಷವನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಒಂದು ಸಲ ಬುಟ್ಟಿಗೆ ಎಸೆದನಂತೆ, ತಪ್ಪಿತಂತೆ. ಇನ್ನೊಂದು ಬಿತ್ತಂತೆ. ತಂಡ ಸೋತಿತು.

ಅವನು ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು ಆ ಹುಡುಗನ ಕಾಲಿನ ವಿಷಯ.

"ಅವ್ನಾ? ಇಲ್ಲೇ ಪಕ್ಕದಲ್ಲಿ ಐಸ್ ಇಟ್ಕಂಡು ಬಿರಿಯಾನಿ ತಿಂತಾವ್ನೆ" ಎಂದ. ನಾನು ಆ ಹುಡುಗನ ವಿಷಯವನ್ನೇ ಮೊದಲು ಕೇಳಿದ್ದು ಯಾಕೆಂದು ಅವನಿಗೆ ಅರ್ಥವಾಯಿತೆಂದು ಕಾಣುತ್ತದೆ. "ಅವ್ವ, ದಿನಾ ಒಬ್ರಾದ್ರೂ ಬೀಳ್ತಾರೆ ಕಣವ್ವ. ನೀನು ಅಡ್ಗೆಮನೇಲಿದ್ದಾಗ್ಲೂ ಬಿದ್ದವ್ರೆ" ಎಂದ.

ಅದಾದ ಮೇಲೆ ಯಾರೂ ಅವನನ್ನು ಕರೆಯಲಿಲ್ಲ. ಅವನು ಕೇಳಲೂ ಇಲ್ಲ. ಆಫೀಸಿಗೆ ಹೋಗುತ್ತಾನೆ, ಭಾನುವಾರ ಬಡಾವಣೆಯ ಮಕ್ಕಳಿಗೆ ಆಟ ಕಲಿಸುತ್ತಾನೆ. ನೀವು ಶಾಲೆಗೆ ಹೊರಡುವಾಗ ಗೇಟಿನ ಹತ್ತಿರ ಅಜ್ಜಿ ಯಾಕೆ ನಿಂತಿರುತ್ತಾಳೆಂದು ಪುಟ್ಟಿ ಒಮ್ಮೆ ಕೇಳಿದ್ದಳು. ಆಗ ಹೇಳಲು ಆಗಲಿಲ್ಲ. ಇದೇ ಉತ್ತರ.

ತಾತ ಹೆಣೆದ ನಾರಿನ ಬಲೆ ನನ್ನ ಟ್ರಂಕಿನಲ್ಲಿದೆ. ಈ ಹಾಳೆಗಳನ್ನೂ ಅದರೊಳಗೆ ಸುತ್ತಿಡಿ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಗೆದ್ದಲು ಹತ್ತದ ಹಾಗೆ ನೋಡಿಕೊಳ್ಳಿ.