ಇನ್ನೊಂದು ಬೆಂಕಿಪೊಟ್ಟಣ

ಅವರ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಹರೆಯದಲ್ಲಿ ಯಾವುದೋ ಗೋದಾಮಿನ ಬೆಂಕಿ ಅದನ್ನು ನುಂಗಿತ್ತಂತೆ. ಸೋಂಪುರದ ಬಣ್ಣದ ಕಾರ್ಖಾನೆಯೊಂದರಲ್ಲಿ ನಮ್ಮ ಸೂಪರ್‌ವೈಸರ್ ಆಗಿದ್ದ ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು. ಪಾಳಿಗೆ ಮುಂಚೆ ಗೇಟಿನಲ್ಲಿ ನಿಂತು ಎಲ್ಲರ ಬೆಂಕಿಪೊಟ್ಟಣ ಇಸಿದುಕೊಂಡು, ಸಂಜೆ ವಾಪಸು ಕೊಡುವರು. ಗೊಣಗಿದವರಿಗೆ ಒಂದೇ ಮಾತು: "ಬೆಂಕಿಗೆ ಪರ್ಮನೆಂಟ್ ಯಾರು, ಕಾಂಟ್ರಾಕ್ಟ್ ಯಾರು ಅಂತ ಗೊತ್ತಾಗಲ್ಲಪ್ಪ." ಅದನ್ನು ಕೇಳಿದರೆ ಕಾಂಟ್ರಾಕ್ಟಿನವನಾದ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಂಥ ಮನುಷ್ಯನಿಗೂ ಒಂದು ಹುಚ್ಚಿತ್ತು. ಸಂಕ್ರಾಂತಿ ಕಳೆದ ಮೇಲೆ ಬೆಟ್ಟದ ಕಾಡಿನಲ್ಲಿ ದಿಂಡಿಗದ ಮರಗಳ ಎಲೆ ಉದುರುವ ಮುಂಚೆ ತಾಮ್ರದ ಬಣ್ಣಕ್ಕೆ ತಿರುಗುತ್ತದಲ್ಲ, ಅದನ್ನು ನೋಡಲು ವರ್ಷವರ್ಷವೂ ಒಂದು ಭಾನುವಾರ ಬೆಟ್ಟ ಹತ್ತುವರು. ಆ ಸಲ ನಾವು ಐದು ಜನ ಜೊತೆಗೆ ಹೊರಟೆವು. ಬೆಟ್ಟದ ಬುಡದಲ್ಲಿ ಟೋಪಿ ಒಡ್ಡಿ, "ಪೊಟ್ಟಣ ಹಾಕಿ" ಎಂದರು. ಭಾನುವಾರವೂ ಗೇಟೇ? ಒಂದನ್ನು ಹಾಕಿದೆ, ಇನ್ನೊಂದನ್ನು ಕಾಲುಚೀಲದಲ್ಲಿ ಉಳಿಸಿಕೊಂಡೆ.

ಕಾಡು ನಿಜಕ್ಕೂ ಕೆಂಪಾಗಿತ್ತು. ಅರ್ಧ ಬೆಟ್ಟದಲ್ಲಿ ನಾನು ನೆಪ ಹೇಳಿ ಹಿಂದುಳಿದು ಬೀಡಿ ಹಚ್ಚಿದೆ. ಬಿಸಾಡಿದ ಕಡ್ಡಿ ಆರಿರಲಿಲ್ಲ. ತರಗೆಲೆ ಚಟಪಟ ಎಂದಾಗ ತಿರುಗಿದೆ, ತುಳಿದಷ್ಟೂ ಹರಡಿತು. ಗಾಳಿ ಮೇಲಕ್ಕೆ ಬೀಸುತ್ತಿತ್ತು, ಅವರೆಲ್ಲ ಮೇಲೆಯೇ ಇದ್ದರು. ಆದರೂ ಕೂಗದೆ ತುಳಿಯುತ್ತಲೇ ಇದ್ದೆ.

ಹೊಗೆಯ ವಾಸನೆ ಸಾಹೇಬರಿಗೆ ಮೊದಲು ಸಿಕ್ಕಿತು. "ಮೇಲಕ್ಕೆ ಓಡ್ಬೇಡಿ, ಬೆಂಕೀನೂ ಮೇಲಕ್ಕೇ ಓಡೋದು. ಬಂಡೆ ಮೇಲೆ ಬನ್ನಿ ಎಲ್ಲಾ," ಎಂದದ್ದು ಕೆಳಗಿದ್ದ ನನಗೂ ಕೇಳಿಸಿತು. ಆಮೇಲೆ ಎಣಿಕೆ. ನಾಲ್ಕಕ್ಕೇ ನಿಂತಿತು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಆ ವಯಸ್ಸಿನಲ್ಲಿ ಹೊಗೆಯೊಳಗೆ ಇಳಿದು ಬಂದರು. ನನ್ನ ಕತ್ತಿನ ಪಟ್ಟಿ ಹಿಡಿದು, ಆಗಲೇ ಸುಟ್ಟು ಕರಿಯಾಗಿದ್ದ ನೆಲಕ್ಕೆ ಎಳೆದರು.

"ಇಲ್ಲೇ ನಿಲ್ಲು. ಸುಟ್ಟಿದ್ದು ಇನ್ನೊಂದ್ಸಲ ಸುಡಲ್ಲ."

ಬೂಟಿನೊಳಗೆ ಕಾಲು ಬೇಯುತ್ತಿತ್ತು. ನಿಂತೆ. ಬೆಂಕಿ ಬಂಡೆಯ ಸಾಲು ಮುಟ್ಟಿ ಸೊರಗಿದ ಮೇಲೆ ಎಲ್ಲರೂ ಹಸಿ ಸೊಪ್ಪಿನಿಂದ ಬಡಿದು ಆರಿಸಿದೆವು.

ಕೆಳಗೆ ಬಂದು ಪೊಟ್ಟಣ ಹಂಚಿದರು. ಉಳಿದವರು ಬಸ್ಸಿನ ಕಡೆ ನಡೆದರು. ನನ್ನದನ್ನು ಕೊಟ್ಟ ಮೇಲೂ ಅವರು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಇನ್ನೊಂದು ಕೊಡಪ್ಪ," ಎಂದರು, ಮೆಲ್ಲಗೆ.

ಕೊಟ್ಟೆ. ನನ್ನನ್ನು ಅರಣ್ಯದವರ ಚೌಕಿಗೆ ಕರೆದೊಯ್ದು, "ನಮ್ಮ ಕೈಯಿಂದ ತಪ್ಪಾಗಿದೆ" ಎಂದು ಹೇಳಿ, ಗಾರ್ಡು ಬೈದದ್ದನ್ನೆಲ್ಲ ತಾವೇ ತಲೆ ತಗ್ಗಿಸಿ ಕೇಳಿಸಿಕೊಂಡರು. ಆ ನಾಲ್ವರಿಗೆ ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನಂಥ ಹೇಡಿಗೆ ಅದೇ ಅನುಕೂಲವಾಗಿತ್ತು.

ಹೋದ ವರ್ಷ ಸಾಹೇಬರು ತೀರಿಕೊಂಡರು. ಖಬರಸ್ತಾನದಲ್ಲಿ ಮಣ್ಣು ಹಾಕಲು ನಾವು ಐದೂ ಜನ ಸಾಲಿನಲ್ಲಿದ್ದೆವು.

"ಯಾವನೋ ಕುರಿ ಕಾಯೋನು ಹಚ್ಚಿದ್ ಬೆಂಕೀಲಿ ನಮ್ಮನ್ನ ಉಳಿಸಿದ್ರು ಕಣೋ," ಎಂದು ಮುಂದಿದ್ದವನು ಕಣ್ಣೊರೆಸಿಕೊಂಡ.

"ಕುರಿ ಕಾಯೋನಲ್ಲ ಕಣೋ, ನಾನು," ಎಂದೆ.

ಅವನು ತಿರುಗಿ ನನ್ನನ್ನೇ ನೋಡುತ್ತ ಉಳಿದ. ಸಾಹೇಬರಿಗೆ ಮೂರು ಹಿಡಿ ಮಣ್ಣು ಹಾಕಿ, ಹೋಗಿ ಅವನ ಪಕ್ಕದಲ್ಲೇ ನಿಂತೆ.