ಮುಹೈಸ್ನಾದಲ್ಲಿ ಜೂಡಿತ್ ಬಾಯಿ ಬಡಿಸಿದ ಊಟ

ಜೂಡಿತ್ ಬಾಯಿಯ ಬಗ್ಗೆ ಬರೆಯುವುದಕ್ಕೆ ಏನಿದೆ ಎಂದು ನನ್ನ ಗಂಡ ಕೊರಗಪ್ಪ ಕೇಳುತ್ತಾನೆ. ಅವಳ ಫೋಟೊ ಪೇಪರಿನಲ್ಲಿ ಬಂದದ್ದಿಲ್ಲ, ಯಾವ ಸಂಘದ ವೇದಿಕೆಯಲ್ಲೂ ಅವಳಿಗೆ ಶಾಲು ಹೊದಿಸಿಲ್ಲ. ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಬದಲಿಸುವ, ರೋಗಿಗಳ ಮೈ ಒರೆಸುವ ಸಹಾಯಕಿ ಅವಳು, ಅಷ್ಟೇ. ಕೊರಗಪ್ಪನಿಗೆ ಗೊತ್ತಿರುವುದು ಎಲೆಕ್ಟ್ರಾ ಸ್ಟ್ರೀಟಿನಲ್ಲಿ ತಾನು ಕೆಲಸ ಮಾಡುವ ಟಿವಿ ಅಂಗಡಿ ಮತ್ತು ಆ ಅಂಗಡಿಯ ಪಿಕಪ್ ಗಾಡಿ. ಅವನನ್ನು ಕೇಳಿ ಬರೆಯುವವಳು ನಾನಲ್ಲ.

ಟೂರಿಸ್ಟ್ ಕ್ಲಬ್ ಏರಿಯಾದ ಒಂದೇ ಫ್ಲ್ಯಾಟಿನಲ್ಲಿ ನಾವು ಎರಡು ಸಂಸಾರ ಇದ್ದೆವು. ಹಾಲ್ ಮತ್ತು ಎರಡು ಕೋಣೆ ಅವರದು, ಒಂದು ಕೋಣೆ ನಮ್ಮದು, ಅಡುಗೆಮನೆ ಇಬ್ಬರದೂ. ನಮ್ಮ ಮಂಗಳೂರು ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದೇ ಕರೆಯುವುದು, ಹಾಗಾಗಿ ನನಗೆ ಅವಳು ಜೂಡಿತ್ ಬಾಯಿ. ಅವಳ ಗಂಡ ಆಗಸ್ಟಿನ್‌ಗೆ ಹೋಟೆಲಿನ ಬ್ಯಾಂಕ್ವೆಟ್ ವಿಭಾಗದಲ್ಲಿ ಕೆಲಸ. ಊರಿಗೆಲ್ಲ ರಜೆ ಇದ್ದ ದಿನ ಅವನಿಗೆ ಡ್ಯೂಟಿ. ಮಗಳು ನತಾಶಾ ಟ್ರಾವೆಲ್ಸ್ ಆಫೀಸಿಗೆ ಹೋಗುತ್ತಿದ್ದಳು. ಅವರ ಕೊಂಕಣಿ ಕೇಳಿ ಕೇಳಿ ನನಗೂ ಬಂತು. ಅವಳಿಗೆ ನನ್ನ ತುಳು ಮೊದಲೇ ಬರುತ್ತಿತ್ತು, ಆದರೆ ಜಗಳವಾಡುವಾಗ ಇಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದೆವು.

ಜಗಳ ಎಂದರೆ ನಾನು ಆಡುವುದು, ಅವಳು ಕೇಳಿಸಿಕೊಳ್ಳುವುದು. ಅಂಥ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಸಂಜೆ ರೋಸರಿ ಪ್ರಾರ್ಥನೆಗೆ ಕೂತಳೆಂದರೆ ಒಲೆಯ ಮೇಲೆ ಹಾಲು ಉಕ್ಕಿದರೂ ಏಳುವುದಿಲ್ಲ. ಊರಿನಿಂದ ಸಾವಿನ ಸುದ್ದಿ ಬಂದರೆ ಅಕ್ಕಿ ತೊಳೆದು ಮುಗಿಸಿಯೇ ಕುರ್ಚಿ ಎಳೆದುಕೊಳ್ಳುತ್ತಾಳೆ. ಒಮ್ಮೆ ನನಗೆ ತಡೆಯಲಾಗದೆ, ನೀನು ಹೆಂಗಸೋ ಕಲ್ಲೋ ಎಂದು ಮುಖಕ್ಕೇ ಕೇಳಿಬಿಟ್ಟೆ. ಇಲ್ಲಿ ಅತ್ತರೆ ರಜೆ ಕೊಡ್ತಾರಾ ಎಂದಳು. ಕೊಂಕು ಇರಲಿಲ್ಲ, ನಿಜಕ್ಕೂ ಕೇಳಿದ್ದು ಹಾಗೆ.

ಅವಳು ಕಿನ್ನಿಗೋಳಿ ಕಡೆಯವಳು. ಅಪ್ಪ ಮೊದಲೇ ಇರಲಿಲ್ಲ, ಅಮ್ಮ ಹೋದಾಗ ಇವಳಿನ್ನೂ ಶಾಲೆಯಲ್ಲಿದ್ದಳು. ತಮ್ಮ ಮಾರ್ಸೆಲ್ ಆಗ ಸೊಂಟದ ಮೇಲಿನ ಕೂಸು. ಅವನಿಗೆ ಅನ್ನ ಕಲಸಿ ಹಾಕಿದವಳು, ಬೆನ್ನಿಗೆ ಬಾರಿಸಿದವಳು, ಫೀಸು ಕಟ್ಟಿ ನಕ್ಷೆ ಬಿಡಿಸುವ ಕೋರ್ಸ್ ಓದಿಸಿದವಳು, ಕೊನೆಗೆ ದುಬೈಗೆ ಕರೆಸಿದವಳು ಎಲ್ಲ ಇವಳೇ. ಅವನು ಒಂದು ಕಟ್ಟಡ ಕಂಪೆನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ. ಕ್ರಿಸ್‌ಮಸ್‌ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೇಕಿನ ಡಬ್ಬ ಹಿಡಿದು ಅಬುಧಾಬಿಗೆ ಬರುತ್ತಿದ್ದ. ನನ್ನನ್ನೂ ಅಕ್ಕ ಎನ್ನುತ್ತಿದ್ದ, ನಾನು ಮಾಡಿದ ಕೋಳಿಸಾರಿಗೆ ಹೆಸರಿಡದೆ ತಿನ್ನುತ್ತಿದ್ದ. ಆಮೇಲಿನ ವರ್ಷಗಳಲ್ಲಿ ಬರುವುದು ನಿಂತುಹೋಯಿತು. ಫೋನ್ ಮಾತ್ರ. ಕಂಪೆನಿ ಬಿಡುವುದಿಲ್ಲ, ಪ್ರಾಜೆಕ್ಟ್ ದೊಡ್ಡದು, ಈಗ ತನ್ನ ಕೈಕೆಳಗೆ ಜನ ಇದ್ದಾರೆ ಎನ್ನುತ್ತಿದ್ದ. ದೊಡ್ಡ ಮನುಷ್ಯನಾದ, ಅಕ್ಕನ ಮನೆ ಮರೆತ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಎರಡು ಸಾವಿರದ ಹದಿನಾಲ್ಕರಲ್ಲಿ ನತಾಶಾಳ ಮದುವೆ ಗಟ್ಟಿಯಾಯಿತು. ಹುಡುಗನಿಗೂ ರಜೆ ಇಲ್ಲ, ಹುಡುಗಿಗೂ ಇಲ್ಲ, ಹಾಗಾಗಿ ಅಬುಧಾಬಿಯ ಚರ್ಚಿನಲ್ಲೇ ಮದುವೆ ಎಂದಾಯಿತು. ಹಿಂದಿನ ಸಂಜೆ ಅವರಲ್ಲಿ ರೋಸ್ ಎಂಬ ಶಾಸ್ತ್ರ. ಮದುಮಗಳನ್ನು ಮಣೆಯ ಮೇಲೆ ಕೂರಿಸಿ ಹಿರಿಯರೆಲ್ಲ ತಲೆಗೆ ಎಣ್ಣೆ ಹಚ್ಚಿ ತೆಂಗಿನ ಹಾಲು ಎರೆಯುತ್ತಾರೆ. ಜೂಡಿತ್‌ಳ ಮನೆತನದಲ್ಲಿ ಹುಡುಗಿಯ ಕೈಹಿಡಿದು ಮಣೆಗೆ ಕರೆತರುವುದು ಸೋದರಮಾವ. ಜೂಡಿತ್ ಫೋನ್ ಮಾಡಿದಾಗ, ಆ ವಾರವೇ ಕಂಪೆನಿ ತನ್ನನ್ನು ಮಸ್ಕತ್‌ಗೆ ಕಳಿಸುತ್ತಿದೆ ಎಂದ ಮಾರ್ಸೆಲ್. ಇವಳು ಮತ್ತೆ ಮಾಡಿದಳು, ಮತ್ತೆ ಅದೇ ಉತ್ತರ. ಹೋಗಲಿ ಬಿಡು, ಆಗಸ್ಟಿನ್ ಕಡೆಯವರು ಯಾರಾದರೂ ಕೈಹಿಡಿಯಲಿ ಎಂದೆ ನಾನು.

ತರಕಾರಿ ಹೆಚ್ಚುತ್ತಿದ್ದ ಅವಳು ಚಾಕು ಕೆಳಗಿಟ್ಟಳು. "ಅವರ ಕಡೆಯವರು ತುಂಬ ಜನ ಉಂಟು. ನನ್ನ ಕಡೆಗೆ ಅಂತ ಇರುದು ಅವನೊಬ್ಬ. ಅವನೂ ಬಾರದಿದ್ರೆ ನಾನು ಎಲ್ಲಿಂದ ಬಂದವಳು ಅಂತ ಹೇಳುದು?"

ಅಷ್ಟು ಉದ್ದದ ಮಾತು ಅವಳ ಬಾಯಿಂದ ನಾನು ಕೇಳಿದ್ದೇ ಅಪರೂಪ. ನನಗೆ ಮಾರ್ಸೆಲ್‌ನ ಮೇಲೆ ಮೈಯೆಲ್ಲ ಉರಿಯಿತು.

ಇದರ ಮಧ್ಯೆ ಅವಳಿಗೆ ಇನ್ನೊಂದು ಹಟ. ಮದುವೆಗೆ ಮೊದಲು ಅವರಲ್ಲಿ ಬಡವರನ್ನು ಕರೆದು ಊಟ ಹಾಕಬೇಕು, ಕೊಂಕಣಿಯಲ್ಲಿ ಅದಕ್ಕೆ ಭಿಕಾರ್ಯಾಂಚೆಂ ಜೆವಾಣ್ ಎನ್ನುತ್ತಾರೆ. ಮನೆಯಲ್ಲಿ ಸತ್ತುಹೋದ ಹಿರಿಯರ ಬದಲಿಗೆ ಅವರು ಬಂದು ಉಣ್ಣುತ್ತಾರೆ ಎಂದು ಲೆಕ್ಕ. ಅಬುಧಾಬಿಯಲ್ಲಿ ಭಿಕ್ಷುಕರನ್ನು ಎಲ್ಲಿ ಹುಡುಕುತ್ತೀ ಮಾರಾಯ್ತಿ, ಕಂಡರೆ ಪೊಲೀಸರು ಅವರನ್ನೂ ಒಯ್ಯುತ್ತಾರೆ ನಿನ್ನನ್ನೂ ಒಯ್ಯುತ್ತಾರೆ ಎಂದು ನಾನು ತಮಾಷೆ ಮಾಡಿದೆ. ಚರ್ಚಿನ ಡಬ್ಬಿಗೆ ಏನಾದರೂ ಹಾಕಿದರಾಯಿತು ಎಂದ ಆಗಸ್ಟಿನ್. ಅವಳು ಒಪ್ಪಲಿಲ್ಲ. ಕೊನೆಗೆ ಆಗಸ್ಟಿನ್‌ನೇ ಕುಂಞಾಲಿಯ ನೆನಪು ಮಾಡಿದ. ಹಿಂದೆ ಅವನ ಹೋಟೆಲಿನ ಲಾಂಡ್ರಿಯಲ್ಲಿದ್ದ ಮಲಯಾಳಿ, ಈಗ ದುಬೈಯ ಮುಹೈಸ್ನಾದಲ್ಲಿ ಒಂದು ಲೇಬರ್ ಕ್ಯಾಂಪಿನ ಉಸ್ತುವಾರಿ. ಶುಕ್ರವಾರ ಮಧ್ಯಾಹ್ನ ಊಟದ ಹಾಲ್ ಬಿಟ್ಟುಕೊಡುತ್ತೇನೆ, ತನ್ನಿ ಎಂದ ಕುಂಞಾಲಿ.

ನನಗೆ ಸಿಟ್ಟು ಬಂತು. ಹಗಲಿಡೀ ಬಿಸಿಲಲ್ಲಿ ದುಡಿದು ತಿನ್ನುವ ಗಂಡಸರನ್ನು ಭಿಕ್ಷುಕರ ಪಂಕ್ತಿಯಲ್ಲಿ ಕೂರಿಸುವುದಾ ಎಂದು ಕೇಳಿದೆ. ಮನೆಯಿಂದ ದೂರ ಇರುವವರು ಸಾಕು, ಹೆಸರಿನಲ್ಲಿ ಏನುಂಟು ಎಂದಳು. ಅವಳ ಅಮ್ಮ ಕಲಿಸಿದ ಕಟ್ಟಳೆಗಳನ್ನು ನನಗೂ ಹೇಳಿಕೊಟ್ಟಳು. ಕೂತವರ ಹೆಸರು ಕೇಳಬಾರದು, ಊರು ಕೇಳಬಾರದು. ಕೈ ತೊಳೆಯುವ ತನಕ ಯಾರನ್ನೂ ಎಬ್ಬಿಸಬಾರದು. ಊಟ ಮುಗಿಯುವವರೆಗೆ ಅವರು ನಮ್ಮ ಸತ್ತವರು, ಸತ್ತವರ ಹತ್ತಿರ ವಿಚಾರಣೆ ಮಾಡುವುದುಂಟಾ ಎಂಬುದು ಅವಳಮ್ಮನ ವಾದವಂತೆ.

ಶುಕ್ರವಾರ ಇಬ್ಬರೂ ಬೆಳಗಾಗುವ ಮೊದಲೇ ಎದ್ದು ಬೇಯಿಸಿದೆವು. ಯಾವ ಜಾತಿಯವನಾದರೂ ತಿನ್ನುವ ಹಾಗಿರಲಿ ಎಂದು ಮಾಂಸವೇ ಇಲ್ಲ. ಅನ್ನ, ಕುಂಬಳಕಾಯಿ ಸಾರು, ಕಡಲೆ ಪಲ್ಯ, ಮತ್ತೆ ಕಡಲೆಬೇಳೆ ತೆಂಗಿನ ಹಾಲು ಹಾಕಿದ ಅವರ ಪಾಯಸ, ವೊರ್ನ್. ಆಗಸ್ಟಿನ್‌ಗೆ ಡ್ಯೂಟಿ, ನತಾಶಾಳಿಗೆ ಮದುವೆ ಬಟ್ಟೆಯ ಟ್ರಯಲ್. ಕೊರಗಪ್ಪನ ಪಿಕಪ್‌ನಲ್ಲಿ ಪಾತ್ರೆಗಳನ್ನು ಹಗ್ಗ ಹಾಕಿ ಬಿಗಿದು ಮೂವರೇ ಹೊರಟೆವು. ಕ್ಯಾಂಪಿನ ಹಾಲ್‌ನಲ್ಲಿ ಸ್ಟೀಲಿನ ಟೇಬಲ್‌ಗಳಿದ್ದವು, ಜೂಡಿತ್ ಅವನ್ನೆಲ್ಲ ಗೋಡೆಗೆ ಸರಿಸಿ ನೆಲದ ಮೇಲೆ ಹಾಳೆ ಹಾಸಿಸಿದಳು. ಬಿಹಾರದವರು, ಬಂಗಾಳದವರು, ನೇಪಾಳದವರು, ತೆಲಂಗಾಣದವರು, ಎಲ್ಲ ಮಿಂದು ತಲೆ ಬಾಚಿಕೊಂಡು ಬಂದು ಚಕ್ಕಳಮಕ್ಕಳ ಹಾಕಿ ಕೂತರು. ಕೊರಗಪ್ಪ ಗಾಡಿಯ ಹತ್ತಿರ ಬೀಡಿ ಸೇದುತ್ತ ನಿಂತ. ನಾನು ಅನ್ನ, ಸಾರು ಬಡಿಸುತ್ತ ಮುಂದೆ, ಜೂಡಿತ್ ವೊರ್ನ್‌ನ ಬಕೆಟ್ ಹಿಡಿದು ಹಿಂದೆ.

ಬಡಿಸುವಾಗ ಮುಖ ನೋಡುವ ಅಭ್ಯಾಸ ನನಗಿಲ್ಲ. ಎರಡನೇ ಸಾಲಿನ ನಡುವೆ ಒಬ್ಬನ ತಟ್ಟೆಗೆ ಅನ್ನ ಹಾಕಿದೆ. ಅವನು ತಲೆಯನ್ನು ಎದೆಗೇ ತಾಗಿಸಿ ಕೂತಿದ್ದ. ಹುಷಾರಿಲ್ಲವೋ ಏನೋ ಎಂದು ಬಗ್ಗಿ ನೋಡಿದೆ. ಮಾರ್ಸೆಲ್. ಕ್ಲೀನಿಂಗ್ ಕಂಪೆನಿಯ ನೀಲಿ ಅಂಗಿ, ಜೇಬಿನ ಮೇಲೆ ಕಂಪೆನಿಯ ಹೆಸರು. ಕೆನ್ನೆ ಒಳಗೆ ಹೋಗಿತ್ತು, ಕೂದಲು ಅರ್ಧ ಬೆಳ್ಳಗಾಗಿತ್ತು. ಊಟ ಹಾಕುವವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಾಗುವಾಗ ಪಂಕ್ತಿಯ ಮಧ್ಯದಲ್ಲಿ ಸಿಕ್ಕಿಬಿದ್ದಿದ್ದ. ಎದ್ದರೆ ಹಾಲ್‌ಗೆ ಹಾಲೇ ತಿರುಗಿ ನೋಡುತ್ತಿತ್ತು. ಪಕ್ಕದವನು ಭಾಭೀ, ಚಾವಲ್ ಎಂದು ಅನ್ನಕ್ಕೆ ತಟ್ಟೆ ಚಾಚಿದ ಮೇಲೆ ಮುಂದೆ ಹೋದೆ.

ಜೂಡಿತ್ ಬಂದಳು. ಸೌಟು ಎತ್ತಿದಳು, ಅವನನ್ನು ನೋಡಿದಳು. ಸೌಟು ಹಾಗೇ ನಿಂತಿತು. ಮಾರ್ಸೆಲ್ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ, ಕಣ್ಣು ಮೇಲೆತ್ತಲಿಲ್ಲ.

"ಬಸ್, ಮೇಡಮ್," ಸಾಕು ಎಂದು ಹಿಂದಿಯಲ್ಲಿ ಹೇಳಿದ.

ಅವಳು ಅವನ ಕೈ ಸರಿಯುವವರೆಗೆ ಕಾದಳು, ಒಂದು ಸೌಟು ಹಾಕಿದಳು, ಮತ್ತೊಂದು ಹಾಕಿದಳು, ಮುಂದಿನವನ ಹತ್ತಿರ ಹೋದಳು. ಸಾಲು ಮುಗಿಯುವವರೆಗೂ ಅದೇ ನಡಿಗೆ, ಅದೇ ಮುಖ. ಮಾರ್ಸೆಲ್ ತಟ್ಟೆಯಲ್ಲಿದ್ದುದನ್ನೆಲ್ಲ ಉಂಡ. ಎಲ್ಲರೊಂದಿಗೆ ಎದ್ದ, ಎಲ್ಲರೊಂದಿಗೆ ಕೈ ತೊಳೆದ, ಎಲ್ಲರೊಂದಿಗೆ ಹೊರಗೆ ಹೋದ. ಅವನನ್ನು ಹಿಡಿದು ನಿಲ್ಲಿಸಬೇಕೆಂದು ನನಗೆ ಅನ್ನಿಸಿತ್ತು, ಆದರೆ ಅವಳ ಮುಖ ನೋಡಿ ನೆಲದ ಹಾಳೆ ಮಡಚತೊಡಗಿದೆ. ಪಾತ್ರೆ ಎತ್ತುವಾಗ ಕುಂಞಾಲಿಯ ಹತ್ತಿರ, ಆ ಮಂಗಳೂರಿನವನು ಯಾರು ಎಂದು ಸುಮ್ಮನೆ ಕೇಳಿದೆ. ಮೊದಲಿದ್ದ ಕಂಪೆನಿ ಮುಳುಗಿತಂತೆ, ಈಗ ಮಾಲ್ ಒಂದರಲ್ಲಿ ಟಾಯ್ಲೆಟ್ ತೊಳೆಯುವ ಕೆಲಸವಂತೆ, ಬಹಳ ಮರ್ಯಾದಸ್ಥನಂತೆ, ಮನೆಯವರು ಯಾರೂ ಇಲ್ಲವಂತೆ.

ಗಾಡಿ ಹೈವೇ ಹತ್ತಿದ ಮೇಲೆ ನಾನು ತಡೆಯಲಿಲ್ಲ. ಗಾಡಿ ತಿರುಗಿಸು ಎಂದು ಕೊರಗಪ್ಪನಿಗೆ ಹೇಳಿದೆ. ಒಡಹುಟ್ಟಿದವನಿಗೆ ಭಿಕ್ಷುಕನ ಊಟ ಹಾಕಿ ಬರುತ್ತೀಯಲ್ಲ, ನಿನ್ನ ಎದೆಯಲ್ಲಿ ಏನಿದೆ ಎಂದು ಅವಳಿಗೂ ಹೇಳಿದೆ. ಮಸ್ಕತ್ ಇಲ್ಲ ಮಣ್ಣೂ ಇಲ್ಲ, ಎಳೆದುಕೊಂಡು ಬರೋಣ, ಆಗಸ್ಟಿನ್‌ನ ಕೋಟು ಹಾಕಿಸೋಣ ಎಂದೆ.

"ಕರೆದ್ರೆ ಬರ್ತಾನೆ," ಎಂದಳು ಜೂಡಿತ್. "ನಾನು ಕರೆದಲ್ಲಿಗೆಲ್ಲ ಬಂದವನೇ ಅವನು. ಆಮೇಲೆ ಜನ್ಮದಲ್ಲಿ ನನ್ನ ಮುಖ ನೋಡುದಿಲ್ಲ. ಮಸ್ಕತ್ ಅಂತ ಹೇಳಿದ್ದಾನಲ್ಲ, ಮಸ್ಕತ್‌ನಲ್ಲೇ ಇರ್ಲಿ."

ಕೊರಗಪ್ಪ ಗಾಡಿ ತಿರುಗಿಸಲಿಲ್ಲ. ಆಗಸ್ಟಿನ್‌ಗೂ ನತಾಶಾಳಿಗೂ ಹೇಳಬಾರದು ಎಂದು ಅವಳು ನಮ್ಮಿಬ್ಬರಿಂದ ಮಾತು ತೆಗೆದುಕೊಂಡಳು. ಮನೆಗೆ ಬಂದವಳೇ ಪಾತ್ರೆ ತಿಕ್ಕಲು ನಿಂತಳು. ಆಮೇಲಿನ ದಿನಗಳಲ್ಲಿ ಡ್ಯೂಟಿಗೆ ಹೋದಳು, ಬಂದಳು, ಬೇಳೆಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಳು. ವಾಷಿಂಗ್ ಮೆಷಿನ್ ನಿಂತು ಎಷ್ಟೋ ಹೊತ್ತಾದ ಮೇಲೂ ಅದರ ಎದುರಿಗೇ ನಿಂತಿರುತ್ತಿದ್ದಳು. ಫೋನ್ ಮಾಡಲಿಲ್ಲ. ಆ ಕಡೆಯಿಂದಲೂ ಬರಲಿಲ್ಲ. ಕಲ್ಲು ಎಂದು ಇನ್ನೊಮ್ಮೆ ಕರೆಯುವ ಧೈರ್ಯ ನನಗಿರಲಿಲ್ಲ. ಅವಳನ್ನು ಕಂಡರೆ ಸಂಕಟವಾಗುತ್ತಿತ್ತು.

ರೋಸ್‌ನ ಸಂಜೆ ಹಾಲ್ ತುಂಬ ಜನ. ಟೈಲ್ಸ್ ಹಾಳಾಗದಿರಲಿ ಎಂದು ಮಕ್ಕಳು ಆಡುವ ಗಾಳಿ ತುಂಬಿದ ಟಬ್ ಒಂದನ್ನು ತಂದು ಅದರೊಳಗೆ ಮಣೆ ಇಟ್ಟಿದ್ದರು. ಹೆಂಗಸರು ಹಾಡು ಎತ್ತಿದರು. ನತಾಶಾ ಕೋಣೆಯ ಬಾಗಿಲಿಗೆ ಬಂದು ನಿಂತಳು. ಸೋದರಮಾವ ಎಲ್ಲಿ ಎಂದು ಆಗಸ್ಟಿನ್‌ನ ಅಕ್ಕ ಕೇಳಿದಳು. ಅವನಿಗೆ ಮಸ್ಕತ್‌ನಲ್ಲಿ ದೊಡ್ಡ ಕೆಲಸ, ಕಂಪೆನಿ ಅವನನ್ನೇ ಆರಿಸಿ ಕಳಿಸಿದೆ ಎಂದಳು ಜೂಡಿತ್, ಎಲ್ಲರಿಗೂ ಕೇಳುವ ಹಾಗೆ. ಜೀವಮಾನದಲ್ಲಿ ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ.

ಆಗಲೇ ಅವಳ ಫೋನ್ ಹೊಡೆದುಕೊಂಡಿತು. ಮಾರ್ಸೆಲ್. ನತಾಶಾ ಕಸಿದುಕೊಂಡು ಸ್ಪೀಕರ್‌ಗೆ ಹಾಕಿ, ಅಂಕಲ್, ಮಸ್ಕತ್ ಹೇಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸೆಕೆ ಎಂದ. ಹೋಟೆಲಿನ ಕಿಟಕಿಯಿಂದ ಸಮುದ್ರ ಕಾಣುತ್ತದೆ ಎಂದ. ದೇವರು ನಿನ್ನನ್ನು ಚೆನ್ನಾಗಿಡಲಿ ಮಗಾ ಎನ್ನುವಾಗ ಅವನ ದನಿ ಒಡೆಯಿತು, ಲೈನ್ ಸರಿ ಇಲ್ಲ ಎಂದುಕೊಂಡರು ಎಲ್ಲ. ಜೂಡಿತ್ ಫೋನ್ ತೆಗೆದುಕೊಂಡಳು. ಸ್ಪೀಕರ್ ಆರಿಸುವುದು ಅವಳಿಗೆ ಬರುತ್ತಿರಲಿಲ್ಲ.

"ಊಟ ಆಯ್ತಾ ಮಾರ್ಸೆಲ್?" ಎಂದು ಕೊಂಕಣಿಯಲ್ಲಿ ಕೇಳಿದಳು.

ಅವನ ಉತ್ತರ ಹಾಲ್‌ಗೆಲ್ಲ ಕೇಳಿತು.

"ಆಯ್ತು ಅಕ್ಕ. ಹೊಟ್ಟೆ ತುಂಬ ಆಯ್ತು. ವೊರ್ನ್‌ಗೆ ಮಾತ್ರ ಬೆಲ್ಲ ಸ್ವಲ್ಪ ಕಮ್ಮಿ."

ಹಾಲ್‌ನಲ್ಲಿ ನಗು. ಮಸ್ಕತ್‌ನಲ್ಲಿ ಇವನಿಗೆ ವೊರ್ನ್ ಮಾಡಿ ಹಾಕಿದವಳು ಯಾರಪ್ಪಾ ಎಂದು ಆಗಸ್ಟಿನ್‌ನ ಅಕ್ಕ ಕಣ್ಣು ಮಿಟುಕಿಸಿದಳು. ಜೂಡಿತ್ ನಗಲಿಲ್ಲ.

"ಹೌದು," ಎಂದಳು. "ಬಡಿಸುವಾಗ ನನಗೂ ಗೊತ್ತಾಯ್ತು."

ನಗುವಿನಲ್ಲಿ ಅದು ಪಕ್ಕದಲ್ಲಿದ್ದ ನನ್ನನ್ನು ಬಿಟ್ಟು ಬೇರೆ ಯಾರ ಕಿವಿಗೂ ಬೀಳಲಿಲ್ಲ. ಅವಳು ಫೋನ್ ಕೆಳಗಿಟ್ಟಳು, ಸೀರೆಗೆ ಕೈ ಒರೆಸಿಕೊಂಡಳು, ನತಾಶಾಳ ಕೈಹಿಡಿದು ತಾನೇ ಮಣೆಗೆ ಕರೆದುಕೊಂಡು ಹೋದಳು. ಹೆಂಗಸರು ಹಾಡು ಮುಂದುವರಿಸಿದರು. ನಾನು ಅಡುಗೆಮನೆಗೆ ಓಡಿಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸ್ವಲ್ಪ ಹೊತ್ತಿಗೆ ಅವಳು ಬಂದು, ಇನ್ನೊಂದು ಪಾತ್ರೆ ತೆಂಗಿನ ಹಾಲು ಎಲ್ಲಿಟ್ಟಿದ್ದೀ ಎಂದು ಕೇಳಿದಳು.