ಮೂವತ್ತೊಂದು ಹೆಬ್ಬೆರಳು, ಒಂದು ಒಡೆದ ಕೊಳವೆ

ನಮ್ಮ ನೀರು ಸರಬರಾಜು ಕಚೇರಿಯ ಸ್ಮರಣ ಸಂಚಿಕೆಯ ಮೂವತ್ತನಾಲ್ಕನೆಯ ಪುಟದಲ್ಲಿ ಹೀಗೊಂದು ವಾಕ್ಯವಿದೆ: “ಸಿಬ್ಬಂದಿಯ ಪರಸ್ಪರ ಸಂಪರ್ಕಕ್ಕಾಗಿ ಕಂಪನಿಯ ತಜ್ಞರು ಹೊಸ ತಂತ್ರಾಂಶವನ್ನು ಹನ್ನೊಂದು ದಿನಗಳಲ್ಲಿ ಯಶಸ್ವಿಯಾಗಿ ಅಳವಡಿಸಿದರು.” ಒಂದು ವಾಕ್ಯದಲ್ಲಿ ಮೂರು ತಪ್ಪು. ಬಂದ ತಜ್ಞರು ಒಬ್ಬರೇ. ದಿನಗಳು ಹತ್ತೊಂಬತ್ತು. ಅವುಗಳಲ್ಲಿ ಮೊದಲ ಒಂಬತ್ತು ದಿನ ಆ ತಂತ್ರಾಂಶದಿಂದ ಒಂದು ನಲ್ಲಿಯೂ ದುರಸ್ತಿಯಾಗಲಿಲ್ಲ. ಅದೇ ಪುಟದಲ್ಲಿ ಎರಡು ಪಂಪುಗಳ ಚಿತ್ರವನ್ನು ಅಚ್ಚುಹಾಕಿದ್ದಾರೆ. ಅಕ್ಕನ ಚಿತ್ರವಿಲ್ಲ, ಪ್ರಸ್ತಾಪವೂ ಇಲ್ಲ. ರವಾನೆ ವಿಭಾಗದ ಮೇಜಿನಿಂದ ಎಲ್ಲವನ್ನೂ ಕಂಡವನಾದ್ದರಿಂದ ಸುಮ್ಮನಿರುವುದು ನನಗೆ ಸಾಧ್ಯವಾಗಲಿಲ್ಲ.

ಅಕ್ಕ ಎಂದರೆ ನಮ್ಮ ಟೆಲಿಫೋನ್ ಆಪರೇಟರ್. ವಯಸ್ಸಿನಲ್ಲಿ ಹಿರಿಯರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ ಎಂಟಡಿ ಉದ್ದದ ಕೋಣೆಯಲ್ಲಿ, ನಲವತ್ತೆಂಟು ಲೈನುಗಳ ಹಲಗೆಯ ಮುಂದೆ, ಇಪ್ಪತ್ತೆರಡು ವರ್ಷ ಕುಳಿತವರು. ಯಾವ ವಾಲ್ವ್‌ಮನ್ ಎಷ್ಟು ಹೊತ್ತಿಗೆ ಯಾವ ಬೀದಿಯಲ್ಲಿರುತ್ತಾನೆ, ಯಾರ ಪಾಳಿಯನ್ನು ಯಾರು ಬದಲಾಯಿಸಿಕೊಂಡಿದ್ದಾರೆ ಎಂಬುದು ಹಾಜರಿ ಪುಸ್ತಕಕ್ಕಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ತಂತ್ರಾಂಶ ಬಂದ ದಿನವೇ ಅಕ್ಕನ ಕೈಗೆ ಆದೇಶವೂ ಬಂತು. ತಿಂಗಳ ಕೊನೆಗೆ ಟೆಲಿಫೋನ್ ಹಲಗೆಯನ್ನು ತೆಗೆಯುವುದು. ಆಪರೇಟರನ್ನು ಮೂವತ್ತೆಂಟು ಕಿಲೋಮೀಟರ್ ದೂರದ ಪಂಪ್‌ಹೌಸಿಗೆ ವರ್ಗಾಯಿಸುವುದು. ಹೋಗಲು ಎರಡು ಬಸ್ಸು, ಬರಲು ಎರಡು. ಮನೆಯಲ್ಲಿ ಕನ್ನಡಕದ ಅಂಗಡಿಯ ಗಂಡ, ಶಾಲೆಗೆ ಹೋಗುವ ಮಗಳು, ಕಿವಿ ಮಂದವಾದ ಅತ್ತೆ. ಸುದ್ದಿ ಕೇಳಿ ಅತ್ತೆ ಹೇಳಿದರಂತೆ: “ಅವರಿಗೆ ನಿನ್ನ ಕಿವಿ ಬೇಡವಾದ್ರೆ ನಂಗಾದ್ರೂ ಕೊಡು ಮಾರಾಯ್ತಿ, ನಂದು ಯಾವತ್ತೋ ಕೈ ಕೊಟ್ಟಿದೆ.” ಅಕ್ಕ ಇದನ್ನು ನಗುತ್ತಲೇ ನನಗೆ ಹೇಳಿದರು. ಆ ನಗು ಅರ್ಧಕ್ಕೆ ನಿಂತದ್ದನ್ನೂ ನಾನು ಗಮನಿಸಿದೆ.

ತಂತ್ರಾಂಶ ಅಳವಡಿಸಲು ಬಂದ ಇಂಜಿನಿಯರ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಶ್ರದ್ಧಾವಂತೆ. ಕಚೇರಿಯ ವಿಭಾಗಗಳ ಅಧಿಕೃತ ನಕ್ಷೆಯನ್ನು ಪಡೆದು, ಅದರಲ್ಲಿದ್ದ ಪ್ರತಿ ವಿಭಾಗಕ್ಕೂ ಒಂದರಂತೆ ನಲವತ್ತಮೂರು ಗುಂಪುಗಳನ್ನು ರಚಿಸಿದಳು. ದೂರುಗಳಿಗೆಂದೇ ಒಂದು ಗುಂಪು. ನಮ್ಮೆಲ್ಲರ ಮೊಬೈಲುಗಳಲ್ಲೂ ತಂತ್ರಾಂಶವನ್ನು ಕೂರಿಸಿ, ಸಂದೇಶಕ್ಕೆ ಒಪ್ಪಿಗೆಯಾದರೆ ಹೆಬ್ಬೆರಳಿನ ಗುರುತನ್ನು ಒತ್ತಬೇಕೆಂದು ಕಲಿಸಿದಳು. ಅದನ್ನು ನಾವು ಬಹಳ ಬೇಗ ಕಲಿತೆವು.

ಒಂಬತ್ತನೆಯ ದಿನ, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಬೇಕರಿಯೊಂದರ ಮುಂದೆ ದೊಡ್ಡ ಕೊಳವೆ ಒಡೆಯಿತು. ದೂರು ಗುಂಪಿಗೆ ಬಂತು. ಮಧ್ಯಾಹ್ನ ಹನ್ನೆರಡರೊಳಗೆ ಮೂವತ್ತೊಂದು ಹೆಬ್ಬೆರಳುಗಳು ಬಿದ್ದವು. ಅವುಗಳಲ್ಲಿ ಒಂದು ನನ್ನದೆಂದು ಒಪ್ಪಿಕೊಳ್ಳುತ್ತೇನೆ. ಸ್ಥಳಕ್ಕೆ ಹೋದವರ ಸಂಖ್ಯೆ ಸೊನ್ನೆ. ಬೇಕರಿಯವನು ಕೊನೆಗೆ ಹಳೆಯ ನಂಬರಿಗೇ ಫೋನ್ ಮಾಡಿ, ಹಿಟ್ಟಿನ ಮೂಟೆಗಳು ತೇಲುತ್ತಿವೆ ಎಂದು ಕೂಗಿಕೊಂಡ. ಅಕ್ಕ ಒಂದು ತಂತಿಯನ್ನು ಕಿತ್ತು ಇನ್ನೊಂದು ತೂತಿಗೆ ಚುಚ್ಚಿ, ಆ ಬೀದಿಯ ವಾಲ್ವ್‌ಮನ್‌ನನ್ನು ಹಿಡಿದರು.

“ಏನಪ್ಪಾ, ಟೀ ಕುಡಿದಾಯ್ತಾ? ಲೋಟ ಕೆಳಗಿಡು. ಬೇಕರಿ ಮುಂದಿನ ವಾಲ್ವು ಬಂದ್ ಮಾಡು, ಓಡು.”

ಹನ್ನೆರಡೇ ನಿಮಿಷಕ್ಕೆ ನೀರು ನಿಂತಿತು. ಬಾಗಿಲಲ್ಲಿ ನಿಂತಿದ್ದ ಇಂಜಿನಿಯರ್ ಹೆಣ್ಣುಮಗಳ ಮುಖ ಸಣ್ಣಗಾಗಿತ್ತು.

“ಅಕ್ಕಾ, ಮೂವತ್ತೊಂದು ಜನ ಓಕೆ ಅಂದಿದ್ದಾರೆ. ಒಬ್ಬರೂ ಯಾಕೆ ಹೋಗ್ಲಿಲ್ಲ?”

ಅಕ್ಕ ಗೋಡೆಯ ಮೊಳೆಯಿಂದ ಒಂದು ಹಳೆಯ ಸುತ್ತೋಲೆಯನ್ನು ತೆಗೆದು ಹಿಂಬದಿಯನ್ನು ತೋರಿಸಿದರು. ಅದರ ತುಂಬೆಲ್ಲ ಸಣ್ಣ ಸಣ್ಣ ಸಹಿಗಳು. “ನೋಡಿ ಮೇಡಂ, ಜಗಲಿಯಲ್ಲಿ ಸೈಕಲ್ ನಿಲ್ಲಿಸಬಾರದು ಅಂತ ಆರ್ಡರ್. ಎಲ್ಲರೂ ಸಹಿ ಹಾಕಿದ್ದಾರೆ. ಸೈಕಲ್ ಇವತ್ತಿಗೂ ಜಗಲಿಯಲ್ಲೇ ಇದೆ. ನಮ್ಮಲ್ಲಿ ಸಹಿ ಹಾಕೋದು ಅಂದ್ರೆ ಕೈ ತೊಳ್ಕೊಂಡು ಪಕ್ಕದ ಮೇಜಿಗೆ ದಾಟಿಸೋದು. ನೀವು ಕೊಟ್ಟ ಹೆಬ್ಬೆಟ್ಟನ್ನೂ ಹಂಗೇ ಒತ್ತಿದ್ದಾರೆ, ಪಾಪ. ಎಲ್ಲರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರು?”

ಇಂಜಿನಿಯರ್ ಕುರ್ಚಿ ಎಳೆದುಕೊಂಡು ಅಲ್ಲೇ ಕುಳಿತಳು. ಮುಂದಿನ ನಾಲ್ಕು ದಿನ ಅವಳ ಲ್ಯಾಪ್‌ಟಾಪು ಆ ಎಂಟಡಿಯ ಕೋಣೆಯಿಂದ ಕದಲಲಿಲ್ಲ. ದೂರಿನ ಗುಂಪಿನಿಂದ ಹೆಬ್ಬೆರಳು ಹೋಯಿತು. ಅದರ ಜಾಗದಲ್ಲಿ “ನಾನು ಹೋಗ್ತೀನಿ” ಎಂಬ ಒಂದೇ ಗುಂಡಿ ಬಂತು. ಅದನ್ನು ಒಬ್ಬರು ಮಾತ್ರ ಒತ್ತಬಹುದು. ಒತ್ತಿದೊಡನೆ ಅವರ ಹೆಸರು ದಪ್ಪಕ್ಷರದಲ್ಲಿ ಮೇಲೇರಿ, ಪಕ್ಕದಲ್ಲಿ ಗಡಿಯಾರ ಓಡತೊಡಗುತ್ತದೆ. ನಲವತ್ತಮೂರು ಗುಂಪುಗಳು ಒಂಬತ್ತಾದವು, ನೀರಿನ ಟ್ಯಾಂಕಿಗೆ ಒಂದರಂತೆ. ಪ್ರತಿ ಗುಂಪಿನಲ್ಲೂ ಆ ಹೊತ್ತಿನ ಪಾಳಿಯವರು ಮಾತ್ರ.

ನನಗೆ ತಡೆಯಲಾಗಲಿಲ್ಲ. “ಅಕ್ಕಾ, ಇದು ಸರಿಹೋದ್ರೆ ನಿಮ್ಮ ಹಲಗೆ ಯಾರಿಗೂ ಬೇಡ. ಕೂತ ಕೊಂಬೆಯನ್ನೇ ಕಡೀತಿದೀರಲ್ಲ?”

“ಗೊತ್ತು ಸಾರ್. ಹಂಗಂತ ಬೇಕರಿಯವನು ಹಿಟ್ಟಿನಲ್ಲಿ ಈಜಬೇಕಾ?” ಎಂದರು, ಮತ್ತೆ ಇಂಜಿನಿಯರ್ ಕಡೆ ತಿರುಗಿ, “ಮೇಡಂ, ಮೂರನೇ ಟ್ಯಾಂಕಿನವನು ಇವತ್ತು ರಜಾ. ಅವನ ಜಾಗಕ್ಕೆ ಅವನ ಭಾವಮೈದ ಬಂದಿದ್ದಾನೆ, ಹಾಕ್ಕೊಳ್ಳಿ” ಎಂದರು.

ಹತ್ತೊಂಬತ್ತನೆಯ ದಿನ ಮುಖ್ಯ ಇಂಜಿನಿಯರರ ಕೋಣೆಯಲ್ಲಿ ಪರಿಶೀಲನಾ ಸಭೆ. ಹೊಸ ಗುಂಡಿ ಬಂದ ಮೇಲಿನ ಐದು ದಿನಗಳಲ್ಲಿ ಇಪ್ಪತ್ತಾರು ದೂರು. ಇಪ್ಪತ್ತಾರಕ್ಕೂ ಒಬ್ಬೊಬ್ಬರು ಹೊರಟಿದ್ದರು. ಸಾಹೇಬರು ಕನ್ನಡಕವನ್ನು ಹಣೆಗೇರಿಸಿ ತಂತ್ರಾಂಶದ ಹೆಣ್ಣುಮಗಳನ್ನು ಕೇಳಿದರು: “ಬಹಳ ಸಂತೋಷ. ನೀವು ನಾಳೆ ಹೊರಟುಹೋಗ್ತೀರಿ. ಯಾರು ರಜಾ, ಯಾರು ಯಾರ ಪಾಳಿಗೆ ಬಂದಿದ್ದಾರೆ, ಇದನ್ನೆಲ್ಲ ದಿನಾ ಬದಲಾಯಿಸೋ ಸೆಟ್ಟಿಂಗ್ ಎಲ್ಲಿದೆ?”

“ಮೆಟ್ಟಿಲ ಕೆಳಗಿದೆ ಸಾರ್. ನೀವು ಪಂಪ್‌ಹೌಸಿಗೆ ಕಳಿಸ್ತಾ ಇದೀರಿ.”

ಸಾಹೇಬರು ಅಕ್ಕನನ್ನು ಕರೆಸಿದರು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು.

“ಏನಮ್ಮಾ, ಕಂಪ್ಯೂಟರ್ ಬರುತ್ತಾ ನಿಮಗೆ?”

“ನಾಲ್ಕು ದಿನದ್ದು ಬರುತ್ತೆ ಸಾರ್. ಜನ ಇಪ್ಪತ್ತೆರಡು ವರ್ಷದ್ದು ಬರುತ್ತೆ.”

ಸಾಹೇಬರು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ವರ್ಗಾವಣೆ ರದ್ದಾಯಿತು, ತಂತ್ರಾಂಶದ ಮೇಲ್ವಿಚಾರಕಿಯ ಹುದ್ದೆ ಅಕ್ಕನಿಗೆ ಬಂತು. ಆದೇಶವನ್ನು ಅದೇ ಮಧ್ಯಾಹ್ನ ಮೂರೂಕಾಲಿಗೆ ನಾನೇ ರವಾನೆ ಪುಸ್ತಕದಲ್ಲಿ ದಾಖಲಿಸಿದೆ. ಅಕ್ಕ ಆ ಹಾಳೆಯನ್ನು ನಿಂತಲ್ಲೇ ಎರಡು ಬಾರಿ ಓದಿ, ಗಂಡನ ಅಂಗಡಿಗೆ ಫೋನ್ ಮಾಡಿ, “ರೀ, ಬಸ್ ಪಾಸ್ ಮಾಡಿಸ್ಬೇಡಿ” ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಇಬ್ಬರು ವಾಲ್ವ್‌ಮನ್‌ಗಳು ಜಗಳವಾಡುತ್ತಾ ಅಕ್ಕನ ಬಾಗಿಲಿಗೆ ಬಂದರು.

“ನಾನೇ ಮೊದ್ಲು ಒತ್ತಿದ್ದು ಅಕ್ಕಾ! ಇವನ ಹೆಸರು ಹೆಂಗೆ ಬಂತು?”

“ಹೋಗಲೋ, ನಿನ್ನ ಬೆರಳು ಎದ್ದಿದ್ದೇ ಲೇಟು!”

ಅಕ್ಕ ಇಬ್ಬರನ್ನೂ ಒಟ್ಟಿಗೇ ಕಳಿಸಿದರು. ಕೆಲಸ ತನಗೇ ಬೇಕೆಂದು ನಮ್ಮ ಕಚೇರಿಯಲ್ಲಿ ನಡೆದ ಮೊಟ್ಟಮೊದಲ ಜಗಳ ಅದು. ನನ್ನ ಮೂವತ್ತಾರು ವರ್ಷಗಳ ಸೇವೆಯಲ್ಲಿ ಬೇರೊಂದನ್ನು ಕಂಡಿಲ್ಲ.